ಫಲಕದ ಅಡಿಯ ಹಸಿರು

ಕೇಳುಗರೇ, ನಮಸ್ಕಾರ.

ಬದಿಯಡ್ಕದ ಸಮೀಪ ನನ್ನದೊಂದು ವರ್ಕ್‌ಶಾಪ್ ಇದೆ. ವಾಹನಗಳಿಗೆ ಬಣ್ಣ ಹೊಡೆಯುವುದು ಮೂವತ್ತು ವರ್ಷಗಳಿಂದ ನನ್ನ ಕಸುಬು. ಕಳೆದ ವರ್ಷ ಪೆರ್ಲದ ಕಡೆಯ ಅಡಿಕೆ ತೋಟವೊಂದರಿಂದ ಒಂದು ಹಳೆಯ ಜೀಪು ಬಂತು. ಸ್ಟಿಯರಿಂಗ್ ಎಡಗಡೆಗೆ. ಸೈನ್ಯ ಬಳಸಿ ಮಾರಿದ, ನಮ್ಮ ಹಿರಿಯರು ‘ಡಿಸ್ಪೋಸಲ್ ಜೀಪು’ ಎನ್ನುತ್ತಿದ್ದ ಜಾತಿ. ತುಕ್ಕು ಕೆರೆದು ನೋಡಿದರೆ ಬೋಲ್ಟುಗಳ ತಲೆಯ ಮೇಲೆ ‘ಎಫ್’ ಅಕ್ಷರ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರೊಳಗೆ, ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಇಂತಹ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಫೋರ್ಡಿನವರು ಬೋಲ್ಟಿನ ಮೇಲೂ ತಮ್ಮ ಅಕ್ಷರ ಒತ್ತುತ್ತಿದ್ದರು.

ಹಿಂದಿನ ತಗಡಿನ ಮೇಲೆಲ್ಲ ನೀಲಿ ಕಲೆ. ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಮದ್ದು ಬಿಡಲು ಮೈಲುತುತ್ತು ಹೊತ್ತು ಹೊತ್ತು ತಗಡು ಅಲ್ಲಲ್ಲಿ ತೂತಾಗಿತ್ತು. ಮನೆಯವರು ಹೇಳಿದ್ದು ಒಂದೇ ಮಾತು: “ಅಜ್ಜ ತಂದ ಜೀಪು. ಸೈನ್ಯದಲ್ಲಿ ಹೇಗಿತ್ತೋ ಹಾಗೆ ಮಾಡಿಕೊಡಿ.”

ಅಂಗಡಿಗೆ ಹೋಗಿ ‘ಮಿಲಿಟರಿ ಹಸಿರು’ ಎಂದು ಕೇಳಿದರೆ ಒಂದು ಡಬ್ಬಿ ಕೊಡುತ್ತಾರೆ. ಆದರೆ ಯಾವ ದೇಶದ, ಯಾವ ವರ್ಷದ ಹಸಿರು? ಅದು ಗೊತ್ತಾಗದೆ ಸ್ಪ್ರೇ ಗನ್ ಕೈಗೆತ್ತಿಕೊಳ್ಳಬಾರದು ಎಂಬುದನ್ನು ನಾನು ಹಿಂದೊಮ್ಮೆ ನಷ್ಟ ಮಾಡಿಕೊಂಡು ಕಲಿತಿದ್ದೇನೆ. ಆಗ ಇನ್ನೊಂದು ಹಳೆಯ ಗಾಡಿಯ ಬಾನೆಟ್ ನೋಡಿ ಬಣ್ಣ ಕಲಸಿದ್ದೆ. ಬಾನೆಟ್ ಎಂದರೆ ದಿನವಿಡೀ ಬಿಸಿಲು ತಿನ್ನುವ ಜಾಗ. ಬಣ್ಣವನ್ನು ಹಿಡಿದಿಟ್ಟ ಎಣ್ಣೆಯ ಅಂಶ ಸವೆದು, ಮೇಲೆ ಸುಣ್ಣದಂತಹ ಪುಡಿ ಏಳುತ್ತದೆ. ನಾನು ಅದನ್ನೇ ಅಸಲು ಎಂದುಕೊಂಡೆ. ಗಾಡಿ ಬೂದಿ ಮೆತ್ತಿಕೊಂಡಂತೆ ಕಂಡಿತು; ಇಡೀ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ಈ ಸಲ ಪಕ್ಕದ ತಗಡಿನ ಒಂದು ಅಂಗೈಯಗಲ ಜಾಗವನ್ನು ವಾಟರ್ ಪೇಪರಿನಿಂದ ನೀರು ಬಿಡುತ್ತಾ ನಿಧಾನವಾಗಿ ತಿಕ್ಕಿದೆ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಆದ್ದರಿಂದ ಒಣಗಿದ್ದನ್ನು ತಿಕ್ಕಿ ಧೂಳೆಬ್ಬಿಸಬೇಡಿ ಎಂದು ಈ ಕೆಲಸದಲ್ಲಿರುವ ಎಳೆಯರಿಗೆ ಕೈಮುಗಿದು ಹೇಳುತ್ತೇನೆ. ತಿಕ್ಕುತ್ತಾ ಹೋದಂತೆ ಕಡಿದ ಮರದ ಉಂಗುರಗಳಂತೆ ಪದರಗಳು ಒಂದೊಂದಾಗಿ ತೆರೆದುಕೊಂಡವು. ಹೊರಗೆ ತೋಟದವರು ಹೊಡೆಸಿದ ಕೆಂಪು. ಅದರ ಒಳಗೆ ಬಿಳಿ. ಅದಕ್ಕೂ ಒಳಗೆ ಹೊಳಪಿನ ಕಡು ಹಸಿರು. ಎಲ್ಲಕ್ಕಿಂತ ಕೆಳಗೆ, ಪ್ರೈಮರಿನ ಮೇಲೆಯೇ, ಕಂದು ಬೆರೆತ ಮಂಕು ಹಸಿರು. ಅದೇ ಅಮೆರಿಕದವರ ಆಲಿವ್ ಡ್ರಾಬ್. ಅದನ್ನು ಹೊಳಪಿಲ್ಲದಂತೆಯೇ ತಯಾರಿಸುತ್ತಿದ್ದರು. ಬಿಸಿಲಿಗೆ ಮಿಂಚಿದರೆ ಗಾಡಿ ಆಕಾಶದಿಂದಲೂ ಕಣ್ಣಿಗೆ ಬೀಳುತ್ತದೆ.

ತಿಕ್ಕಿದ ಜಾಗದಲ್ಲಿ ಸಿಕ್ಕಿದ್ದು ತೆಳ್ಳನೆಯ ಒಂದು ಗೆರೆ ಮಾತ್ರ. ಬಣ್ಣ ಹೊಂದಿಸಲು ಅಷ್ಟು ಸಾಲದು. ಗ್ಲೋವ್ ಬಾಕ್ಸಿನ ಮುಚ್ಚಳದ ಮೇಲೆ ಜೀಪಿನ ವಿವರ ಬರೆದ ಲೋಹದ ಫಲಕಗಳಿರುತ್ತವೆ. ಒಂದರ ಸ್ಕ್ರೂ ಬಿಚ್ಚಿ ಎತ್ತಿದೆ. ಅಡಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಬಿಸಿಲು, ಮಳೆ, ಮೈಲುತುತ್ತು ಯಾವುದೂ ಮುಟ್ಟದ ಹಸಿರು! ನನಗೆ ಮೈ ಜುಮ್ಮೆಂದಿತು. ಆದರೂ ಅವಸರ ಮಾಡಲಿಲ್ಲ. ಕತ್ತಲಲ್ಲಿ ಉಳಿದ ಎಣ್ಣೆಬಣ್ಣ ಹಳದಿಗೆ ತಿರುಗುತ್ತದೆ. ಬೆಳಕಿಗೆ ಇಟ್ಟರೆ ಆ ಹಳದಿ ಬಹುಪಾಲು ಇಳಿಯುತ್ತದೆ. ಮುಚ್ಚಳವನ್ನು ಕೆಲವು ದಿನ ಕಿಟಕಿಯ ಬಳಿ ಇಟ್ಟು, ಬಳಿಕ ಕಲಸಲು ಕುಳಿತೆ.

ಈ ಹಸಿರಿಗೆ ಹಸಿರು ಬಣ್ಣವೇ ಬೇಕಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮಣ್ಣಿನ ಹಳದಿಗೆ ಕಪ್ಪು ಬೆರೆಸುತ್ತಾ ಹೋಗಿ, ಆಲಿವ್ ತಾನಾಗಿ ಏಳುತ್ತದೆ. ನಾನು ಶುರು ಮಾಡಿದ್ದು ಅಲ್ಲಿಂದ. ಒಂದೊಂದು ಕಲಸುವಿಕೆಯನ್ನೂ ತಗಡಿನ ತುಂಡಿಗೆ ಹೊಡೆದು, ಪೂರ್ತಿ ಒಣಗಿಸಿ ನೋಡಿದೆ. ಹಸಿ ಬಣ್ಣ ಒಂದು, ಒಣಗಿದ್ದು ಇನ್ನೊಂದು.

ನೋಡುವ ಬೆಳಕು ಯಾವುದು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವೇಷ ಕಟ್ಟುವ ಚೌಕಿಯ ದೀಪದ ಎದುರು ಬರೆದ ಬಣ್ಣದ ವೇಷದ ಮುಖ ಬೆಳಗಿನ ಬೆಳಕಿಗೆ ಬೇರೆಯೇ ಆಗಿ ಕಾಣುವುದನ್ನು ಆಟ ಮುಗಿಯುವವರೆಗೆ ಕುಳಿತ ನಾವೆಲ್ಲ ಕಂಡಿದ್ದೇವೆ. ಎರಡು ಬಣ್ಣಗಳ ಒಳಗಿನ ಪುಡಿ ಬೇರೆಯಾದರೆ, ಟ್ಯೂಬ್‌ಲೈಟಿನಲ್ಲಿ ಅವಳಿಗಳಂತೆ ಕಂಡದ್ದು ಹಗಲಿಗೆ ಅಪರಿಚಿತರಾಗಿಬಿಡುತ್ತದೆ. ಹಾಗಾಗಿ ತಗಡುಗಳನ್ನು ಹಗಲಿನ ನೆರಳಿನಲ್ಲಿ ನೋಡಿ, ಸಂಜೆಗೆ ಟ್ಯೂಬ್‌ಲೈಟಿನಲ್ಲಿ ಮತ್ತೆ ನೋಡುತ್ತಿದ್ದೆ. ನನ್ನ ಅಂಗಳ ಮುರಕಲ್ಲಿನದು. ಅದರ ಕೆಂಪು ಛಾಯೆ ತಗಡಿನ ಮೇಲೆ ಬೀಳದಂತೆ ಕೆಳಗೆ ಬೂದು ಬಣ್ಣದ ಬಟ್ಟೆ ಹಾಸಿಕೊಂಡೆ. ಹನ್ನೊಂದನೆಯ ತಗಡು ಎರಡು ಬೆಳಕಿನಲ್ಲಿಯೂ ಹೊಂದಿತು.

ಅಮೆರಿಕ ಸರ್ಕಾರದ ಬಣ್ಣಪಟ್ಟಿಯಾದ ಫೆಡರಲ್ ಸ್ಟ್ಯಾಂಡರ್ಡ್ 595ರ ಬಣ್ಣದ ಸಂಖ್ಯೆ ಹಾಕಿಸಿದರೆ ಸಾಕಲ್ಲ ಎಂದು ಒಬ್ಬರು ಹೇಳಿದರು. ಅದರ ಐದಂಕಿಗಳಲ್ಲಿ ಮೊದಲನೆಯದು ಹೊಳಪನ್ನು ಹೇಳುತ್ತದೆ: 1 ಎಂದರೆ ಹೊಳಪು, 2 ಅರೆ ಹೊಳಪು, 3 ಮ್ಯಾಟ್. ಒಳ್ಳೆಯ ವ್ಯವಸ್ಥೆ. ಆದರೆ ಅದು ಬಂದದ್ದು 1956ರಲ್ಲಿ, ಜೀಪು ಅದಕ್ಕಿಂತ ಹತ್ತು ವರ್ಷಕ್ಕೂ ಹಿರಿಯದು. ಸಂಖ್ಯೆ ದಾರಿ ತೋರಿಸಬಹುದು, ತೀರ್ಪು ಹೇಳಬೇಕಾದದ್ದು ಫಲಕದ ಅಡಿಯ ಆ ತುಂಡು.

ಇನ್ನೊಂದು ವಿಷಯವನ್ನು ಮನೆಯವರಿಗೆ ಮೊದಲೇ ತಿಳಿಸಿದ್ದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಹಸಿರು ಹೊಡೆಯುವಂತಿಲ್ಲ. ಅವರು ಒಪ್ಪಿ, ಜೀಪನ್ನು ರಸ್ತೆಗೆ ಇಳಿಸದೆ ಅಡಿಕೆ ಕೊಟ್ಟಿಗೆಯ ಒಂದು ಬದಿಯಲ್ಲಿ ಅಜ್ಜನ ನೆನಪಿಗೆ ನಿಲ್ಲಿಸಿದ್ದಾರೆ.

ಕೊನೆಯ ಕೋಟ್ ಹೊಡೆಯುವ ಮುನ್ನ ಆ ಬೆಂಕಿಪೆಟ್ಟಿಗೆಯಷ್ಟು ಹಳೆಯ ಹಸಿರಿನ ಮೇಲೆ ಟೇಪು ಅಂಟಿಸಿದೆ, ಸ್ಪ್ರೇ ತಾಗಗೊಡಲಿಲ್ಲ. ಬಣ್ಣ ಒಣಗಿದ ಮೇಲೆ ಟೇಪು ಕಿತ್ತು, ಫಲಕವನ್ನು ಮೊದಲಿನಂತೆ ಕೂರಿಸಿದೆ. ನನ್ನ ಬಣ್ಣ ಸರಿಯಿಲ್ಲ ಎನ್ನುವವರು ಮುಂದೆ ಯಾರಾದರೂ ಬಂದರೆ, ಸ್ಕ್ರೂ ಬಿಚ್ಚಿ ಪಕ್ಕಪಕ್ಕದಲ್ಲಿಯೇ ನೋಡಿಕೊಳ್ಳಬಹುದು.

ನಮಸ್ಕಾರ.