ಮೆಲುದನಿ ಕಡಲು ದಾಟಿದ ಬಗೆ

ಕೇಳುಗರಿಗೆ ನಮಸ್ಕಾರ.

ಮೈಕಿನ ಮುಂದೆ ಕೂಗಬೇಕಾಗಿಲ್ಲ. ದನಿ ತಗ್ಗಿಸಿದಷ್ಟೂ ಅದು ಕೇಳುವವರ ಮಗ್ಗುಲಿಗೆ ಬಂದು ಕೂರುತ್ತದೆ. ಬ್ರೆಜಿಲಿನ ಗಾಯಕ ಜೊವಾವೊ ಜಿಲ್ಬೆರ್ಟೊ ಈ ಗುಣವನ್ನೇ ನಂಬಿ 1958ರಲ್ಲಿ 'ಶೇಗಾ ದೆ ಸೌದಾದೆ' ಹಾಡನ್ನು ಧ್ವನಿಮುದ್ರಿಸಿದರು. ರಾಗ ಟಾಮ್ ಜೋಬಿಂ ಅವರದು, ಸಾಹಿತ್ಯ ಕವಿ ವಿನೀಸಿಯಸ್ ಡಿ ಮೊರಾಯಿಸ್ ಅವರದು. ಗಿಟಾರಿನ ಮೇಲೆ ಜೊವಾವೊ ಅವರ ಹೆಬ್ಬೆರಳು ಬ್ರೆಜಿಲಿನ ಕುಣಿತದ ಸಂಗೀತವಾದ ಸಾಂಬಾದ ದೊಡ್ಡ ಡೋಲಿನ ಪೆಟ್ಟು ಹಿಡಿಯುತ್ತಿತ್ತು; ಉಳಿದ ಬೆರಳುಗಳು ಚಿಕ್ಕ ವಾದ್ಯಗಳ ಅಡ್ಡಪೆಟ್ಟುಗಳನ್ನು ನುಡಿಸುತ್ತಿದ್ದವು. ಬೀದಿ ತುಂಬುವ ಕಾರ್ನಿವಲ್ ಮೆರವಣಿಗೆ ಒಂದು ಕೋಣೆಯೊಳಗೆ ಬಂದು ಮೆತ್ತಗೆ ಕುಳಿತಂತಿತ್ತು. ಇದೇ ಬೊಸಾ ನೋವಾ, ಅಂದರೆ ಹೊಸ ಧಾಟಿ.

ಇಷ್ಟು ಮೆಲುದನಿಯ ಸಂಗೀತ ಹೊರದೇಶಗಳನ್ನು ಮುಟ್ಟಿದ್ದು ಹೇಗೆ? ಬ್ರೆಜಿಲಿನ ರಿಯೊ ನಗರದಲ್ಲಿ ನಡೆಯುವ ಕಥೆಯ 'ಬ್ಲ್ಯಾಕ್ ಆರ್ಫಿಯಸ್' ಚಿತ್ರ 1959ರಲ್ಲಿ ಕಾನ್ ಉತ್ಸವದ ಉನ್ನತ ಪ್ರಶಸ್ತಿ ಗೆದ್ದಾಗ, ಜೋಬಿಂ ಮತ್ತು ಲುಯೀಸ್ ಬೊನ್ಫಾ ಅವರ ರಾಗಗಳು ಯುರೋಪಿನ ಕಿವಿಗೆ ಬಿದ್ದವು. 1961ರಲ್ಲಿ ಅಮೆರಿಕ ಸರ್ಕಾರ ಕಳುಹಿಸಿದ ಪ್ರವಾಸದ ಮೇಲೆ ದಕ್ಷಿಣ ಅಮೆರಿಕಕ್ಕೆ ಹೋಗಿದ್ದ ಗಿಟಾರ್ ವಾದಕ ಚಾರ್ಲಿ ಬರ್ಡ್ ಇದಕ್ಕೆ ಮನಸೋತು ಮರಳಿದರು. ಮರುವರ್ಷದ ಫೆಬ್ರುವರಿಯಲ್ಲಿ ಅವರೂ ಸ್ಯಾಕ್ಸೋಫೋನ್ ವಾದಕ ಸ್ಟ್ಯಾನ್ ಗೆಟ್ಜ್ ಅವರೂ ವಾಷಿಂಗ್ಟನ್ನಿನ ಚರ್ಚೊಂದರ ಸಭಾಂಗಣದಲ್ಲಿ ಒಂದೇ ದಿನದಲ್ಲಿ 'ಜಾಝ್ ಸಾಂಬಾ' ಆಲ್ಬಮ್ ಧ್ವನಿಮುದ್ರಿಸಿದರು. ಅದರಲ್ಲಿ ಹಾಡುವ ದನಿಯೇ ಇಲ್ಲ, ವಾದ್ಯಗಳಷ್ಟೇ. ರಾಗ ಗಡಿ ದಾಟಿತು, ಪೋರ್ಚುಗೀಸ್ ನುಡಿ ಹಿಂದೆ ಉಳಿಯಿತು. ಆ ತಟ್ಟೆ 1963ರಲ್ಲಿ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯ ತುದಿಗೇರಿತು.

ಅಷ್ಟರಲ್ಲಿ, 1962ರ ನವೆಂಬರ್ 21ರಂದು, ಬ್ರೆಜಿಲಿನ ಕಲಾವಿದರೇ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ವೇದಿಕೆ ಹತ್ತಿದ್ದರು.

ನನ್ನನ್ನು ಹೆಚ್ಚು ಕಾಡುವುದು 1963ರ ಮಾರ್ಚ್. ಗೆಟ್ಜ್, ಜೊವಾವೊ, ಜೋಬಿಂ ಮೂವರೂ ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಸೇರಿದ್ದರು. 'ದಿ ಗರ್ಲ್ ಫ್ರಂ ಇಪನೀಮಾ' ಹಾಡನ್ನು ಜೊವಾವೊ ಪೋರ್ಚುಗೀಸಿನಲ್ಲಿ ಹಾಡಿದರು. ಇಂಗ್ಲಿಷ್ ಸಾಲುಗಳನ್ನು ಹಾಡಿದವರು ಅವರ ಪತ್ನಿ, ಇಪ್ಪತ್ತೆರಡರ ಆಸ್ಟ್ರುಡ್. ಅಲಂಕಾರವಿಲ್ಲದ, ತುಸು ಅಂಜಿದಂತಿರುವ ಆ ದನಿ ಲೋಕವನ್ನೇ ಗೆದ್ದಿತು. ಆದರೆ ಆ ಹಾಡಿದ್ದ ಆಲ್ಬಮ್ಮಿನ ಮುಖಪುಟದಲ್ಲಿ ಅವರ ಹೆಸರೇ ಇರಲಿಲ್ಲ. ಇದು ಅನ್ಯಾಯವೆಂದೇ ನನ್ನ ಭಾವನೆ.

ಇನ್ನೊಂದು ನೋವೂ ಇದೆ. 1964ರಲ್ಲಿ ಈ ಹಾಡನ್ನು ಬಿಡಿ ತಟ್ಟೆಯಾಗಿ ಹೊರತಂದಾಗ ಐದು ನಿಮಿಷಕ್ಕೂ ಮಿಕ್ಕಿದ ಹಾಡನ್ನು ಮೂರು ನಿಮಿಷದೊಳಕ್ಕೆ ಇಳಿಸಿದರು. ಕತ್ತರಿ ಬಿದ್ದದ್ದು ಜೊವಾವೊ ಹಾಡಿದ ಭಾಗಕ್ಕೆ. ಹೀಗೆ ಲಕ್ಷಾಂತರ ಮನೆಗಳಿಗೆ ಬೊಸಾ ನೋವಾ ತಲುಪಿದ್ದು ತನ್ನ ತಾಯ್ನುಡಿಯನ್ನು ಕಳೆದುಕೊಂಡು. ಮರುವರ್ಷ ಆ ಹಾಡಿಗೂ ಆಲ್ಬಮ್ಮಿಗೂ ಗ್ರ್ಯಾಮಿ ಪ್ರಶಸ್ತಿ ಬಂದವು.

ಈಗ ನಿಮಗೆ ಕೇಳಿಸಲಿರುವುದು ಕತ್ತರಿಸದ ಹಾಡು. ಮೊದಲು ಗಿಟಾರ್. ಅದರ ಜೊತೆಗೆ ಒಂದು ಸಣ್ಣ ಗುನುಗು, ಅದು ಜೊವಾವೊ ಅವರದು. ಆಸ್ಟ್ರುಡ್ ಆಮೇಲೆ ಬರುತ್ತಾರೆ.