ಎಳೆ ಗಟ್ಟಿಯಿದ್ದರೆ ಮಗ್ಗ ಓಡೀತು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಖಾದಿಯ ಕೈನೂಲಿನ ಬಗ್ಗೆ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಸದಸ್ಯರಾಗುವವರು ತಿಂಗಳಿಗೆ 2000 ಗಜ ನೂಲು ಕೊಡಬೇಕು, ತಾವೇ ನೂತದ್ದಾಗಲಿ, ಇನ್ನೊಬ್ಬರಿಂದ ನೂಲಿಸಿದ್ದಾಗಲಿ ಎಂಬ ನಿಯಮ ಅಲ್ಲಿ ಬಂತು.

2000 ಗಜ ಅಂದರೆ ಎಷ್ಟು? ಅಂಗುಲಕ್ಕೆ ಉದ್ದುದ್ದ 40 ಎಳೆ ಹಾಸು, ಅಡ್ಡಡ್ಡ 40 ಎಳೆ ಹೊಕ್ಕು ಇರುವ ಸಾಧಾರಣ ಬಟ್ಟೆ ಒಂದು ಚದರ ಗಜಕ್ಕೆ 2880 ಗಜ ನೂಲು ನುಂಗುತ್ತದೆ. ತಿಂಗಳ ಪಾಲು ಒಂದು ಚದರ ಗಜಕ್ಕೂ ಸಾಲದು. ವರ್ಷದ 24,000 ಗಜವನ್ನು ಕೂಡಿಟ್ಟರೆ ಹೆಚ್ಚುಕಡಿಮೆ ಒಂದು ಪಂಚೆ, ಒಂದು ಅಂಗಿ ಆದೀತು. ಕೈ ಕುದುರಿದವರು ಚರಕದಲ್ಲಿ ತಾಸಿಗೆ 300ರಿಂದ 400 ಗಜ ನೂಲುತ್ತಾರೆ. ತಿಂಗಳಿಗೆ ಐದಾರು ತಾಸು ಕೂತರೆ ಮುಗಿಯುವ ಕೆಲಸ. ಆ ಅಧಿವೇಶನದ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದ ಗಂಗಾಧರರಾವ್ ದೇಶಪಾಂಡೆಯವರು ಮುಂದೆ ಬೆಳಗಾವಿ ಜಿಲ್ಲೆಯ ಹುದಲಿಯಲ್ಲಿ ಖಾದಿ ಕೆಲಸವನ್ನು ಬೆಳೆಸಿದರು.

ಗಜದ ಲೆಕ್ಕ ಸುಲಭ. ಕಷ್ಟವಿರುವುದು ನೂಲಿನ ಗುಣದಲ್ಲಿ. ನೂಲುವಲ್ಲಿ ಆದ ತಪ್ಪಿಗೆ ದಂಡ ತೆರುವವರು ನೇಯುವವರು. ಇದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಳು ತೆಗೆದ ಅರಳೆಯನ್ನು ಹಿಂಜಿ ಹಂಜಿ, ಅಂದರೆ ನೂಲಲು ಸಿದ್ಧವಾದ ಹತ್ತಿಯ ಬತ್ತಿ, ಮಾಡಬೇಕು. ಹಿಂದೆ ಪಿಂಜಾರರು ಬಿಲ್ಲು ಹಿಡಿದು ಮಾಡುತ್ತಿದ್ದ ಈ ಕೆಲಸಕ್ಕೆ ಈಗ ಚಿತ್ರದುರ್ಗದಲ್ಲಿ ಖಾದಿ ಆಯೋಗದ ಹಂಜಿ ಘಟಕವಿದೆ. ಅರಳೆಯಲ್ಲಿ ತೇವ ಉಳಿದಿದ್ದರೆ ಎಳೆಗಳು ಬಿಡಿಸಿಕೊಳ್ಳುವುದಿಲ್ಲ, ಸಾಸಿವೆಯಂಥ ಗಂಟುಗಳಾಗಿ ನೂಲಿನೊಳಗೆ ಸೇರಿಕೊಳ್ಳುತ್ತವೆ. ಹತ್ತಿಯ ಜಾತಿಯೂ ಮುಖ್ಯ. ಧಾರವಾಡ ಸೀಮೆಯ ಜಯಧರ್‌ನಂಥ ಗಿಡ್ಡ ಎಳೆಯ ಹತ್ತಿಯಲ್ಲಿ ಎಳೆಗೆ ಎಳೆ ಹಿಡಿತ ಸಿಗುವ ಉದ್ದ ಕಡಿಮೆ. ಹಾಗಾಗಿ ಹುರಿ, ಅಂದರೆ ನೂಲಿನ ತಿರುಚು, ಹೆಚ್ಚು ಬೇಕು.

ಹುರಿ ಸರಿಯಿದೆಯೇ ಎಂದು ನೋಡಲು ಯಂತ್ರ ಬೇಡ. ಹೊಸದಾಗಿ ನೂತ ಒಂದು ಮೊಳ ನೂಲನ್ನು ಎರಡೂ ತುದಿ ಹಿಡಿದು, ಕೈಗಳನ್ನು ಮೆಲ್ಲಗೆ ಹತ್ತಿರ ತನ್ನಿ. ನಡುವಿನ ಭಾಗ ಜೋತು ಒಂದೆರಡು ಸುತ್ತು ಸುತ್ತಿಕೊಂಡರೆ ಸರಿ. ಕೈ ಹತ್ತಿರ ಬರುವ ಮೊದಲೇ ಗಂಟುಗಂಟಾಗಿ ಮುದುಡಿದರೆ ಹುರಿ ಅತಿಯಾಗಿದೆ. ಅಂಥ ನೂಲು ಮಗ್ಗದಲ್ಲಿ ಸಿಕ್ಕುಬೀಳುತ್ತದೆ. ಸುಮ್ಮನೆ ಜೋತುಬಿದ್ದರೆ ಹುರಿ ಸಾಲದು. ಸ್ವಲ್ಪ ಜಗ್ಗಿ ನೋಡಿ, ಪಟ್ಟನೆ ಕಡಿಯುವುದಿಲ್ಲ, ಒಳಗಿನ ಹತ್ತಿಯ ನಾರುಗಳು ಜಾರಿ ಬೇರೆಯಾಗುತ್ತವೆ. ಹಾಸಿನ ನೂಲಿಗೆ ಬಿಗಿ ಹುರಿ ಬೇಕು, ಹೊಕ್ಕಿನದು ತುಸು ಸಡಿಲವಿದ್ದರೂ ನಡೆಯುತ್ತದೆ.

ಚರಕದ ಕದಿರು, ಅಂದರೆ ನೂಲು ಸುತ್ತಿಕೊಳ್ಳುವ ಕಡ್ಡಿ, ಕೂದಲೆಳೆಯಷ್ಟು ಬಾಗಿದ್ದರೂ ನೂಲು ಮೇಲಿಂದ ಮೇಲೆ ಕಡಿಯುತ್ತದೆ. ಚಕ್ರ ತಿರುಗಿಸಿ ಕದಿರಿನ ತುದಿ ನೋಡಿ. ಅದು ಒಂದು ಚುಕ್ಕಿಯಂತೆ ನಿಂತಿರಬೇಕು. ಸಣ್ಣ ಬಳೆಯಂತೆ ಕಂಡರೆ ಕದಿರನ್ನು ನೆಟ್ಟಗೆ ಮಾಡಿಸುವ ತನಕ ನೂಲಬೇಡಿ. ಏಕಾಂಬರನಾಥನ್ ರೂಪಿಸಿದ ಅಂಬರ್ ಚರಕದಲ್ಲಿ ಹಲವು ಕದಿರುಗಳಿವೆ, ಎಳೆಯುವ ಕೆಲಸ ರೋಲರುಗಳದು. ಅಲ್ಲಿ ರಬ್ಬರು ಸವೆದರೆ ಹಿಡಿತ ತಪ್ಪಿ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಇನ್ನು ಬಿಸಿಲುಗಾಲದ ಒಣಗಾಳಿಗೆ ಎಳೆ ಪೆಡಸಾಗುತ್ತದೆ. ಬೆಳಗಿನ ತಂಪಿನಲ್ಲಿ ನೂತರೆ ಕಡಿತ ಕಡಿಮೆ.

ಈಗ ಮಗ್ಗಕ್ಕೆ ಬನ್ನಿ. ಮೂವತ್ತಾರು ಅಂಗುಲ ಅಗಲದ ಬಟ್ಟೆಗೆ ಅಂಗುಲಕ್ಕೆ 40ರಂತೆ 1440 ಎಳೆ ಹಾಸು. ಅಷ್ಟೂ ಎಳೆ ಹಣಿಗೆಯ, ಅಂದರೆ ಮಗ್ಗದ ಬಾಚಣಿಗೆಯ, ಹಲ್ಲುಗಳ ನಡುವೆ ಹಾಯಬೇಕು. ದಪ್ಪಗಂಟು ಹಲ್ಲಿಗೆ ಸಿಕ್ಕಿ ಕಡಿಯುತ್ತದೆ, ಸಣಕಲು ಎಳೆ ಬಿಗಿತ ತಾಳದೆ ಕಡಿಯುತ್ತದೆ. ಒಂದು ಎಳೆ ಹೋದರೂ ಲಾಳಿ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯಲ್ಲಿ ಪೋಣಿಸಬೇಕು. ಕೂಲಿ ನೇಯ್ದ ಬಟ್ಟೆಯ ಅಳತೆಗೆ. ನಿಂತ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಹಾಸಿನ ನೂಲಿಗೆ ಗಂಜಿ ಹಾಕುವುದು ಈ ಕಡಿತ ತಡೆಯಲಿಕ್ಕೇ. ಅದು ತೆಳುವಾದರೆ ನಾರು ಎದ್ದು ಒಂದಕ್ಕೊಂದು ಉಜ್ಜುತ್ತದೆ, ಮಂದವಾದರೆ ನೂಲು ಒಣಕಡ್ಡಿಯಂತೆ ಮುರಿಯುತ್ತದೆ, ಹುಳಿಬಂದ ಗಂಜಿಯಾದರೆ ಬೂಷ್ಟು ಹಿಡಿಯುತ್ತದೆ. ನೂಲುವವರಿಗೂ ಕೂಲಿ ಲಡಿ ಲೆಕ್ಕದಲ್ಲಿ, 1000 ಮೀಟರಿಗೆ ಒಂದು ಲಡಿ. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಕೆಟ್ಟ ಹಂಜಿ ಕೊಟ್ಟು ಒಳ್ಳೆಯ ನೂಲು ಕೇಳುವುದು ಅವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ರಾಷ್ಟ್ರಧ್ವಜದ ಬಟ್ಟೆಯೂ ಇದೇ ಕೈಗಳಿಂದ ಬಂದದ್ದು. ಧಾರವಾಡ ಜಿಲ್ಲೆಯ ಗರಗದ ಬಟ್ಟೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧವಾಗುವ ಧ್ವಜ ದೇಶಕ್ಕೇ ಗೊತ್ತು. ಧ್ವಜಕ್ಕೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯೇ ಆಗಬೇಕೆಂಬ ಕಡ್ಡಾಯವಿತ್ತು. ಧ್ವಜ ಸಂಹಿತೆಗೆ 2021ರ ಡಿಸೆಂಬರಿನಲ್ಲಿ ಬಂದ ತಿದ್ದುಪಡಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ದಾರಿ ಬಿಟ್ಟಿತು. ಧ್ವಜ ಅಗ್ಗವಾಯಿತು, ನಿಜ. ಆದರೆ ಆ ಕಡ್ಡಾಯದ ಹಿಂದೆ ಹಳ್ಳಿಯ ಚರಕಗಳಿಗೆ ಇದ್ದ ಖಚಿತ ಬೇಡಿಕೆ ಹೋಯಿತು. ಇದು ನನಗೆ ಸಂಕಟದ ಸಂಗತಿ.

ಕೊಳ್ಳುವವರಿಗೆ ಎರಡು ಮಾತು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಕೈನೂಲಿನ ಸಣ್ಣ ಏರುಪೇರು ಕಾಣಬೇಕು. ಅಂಚಿನ ಒಂದು ಎಳೆ ಕಿತ್ತು ಸುಟ್ಟರೆ ಹತ್ತಿ ಕಾಗದದ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ತಂದ ಬಟ್ಟೆಯನ್ನು ದರ್ಜಿಗೆ ಕೊಡುವ ಮುನ್ನ ಒಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ. ಕುಗ್ಗುವುದು ಆಗಲೇ ಕುಗ್ಗಿಬಿಡಲಿ. ನಮಸ್ಕಾರ.