ರಾಜೀನಾಮೆ ಬರೆದುಕೊಡಬೇಡಿ

ಎಲ್ಲರಿಗೂ ನಮಸ್ಕಾರ. ವಾರಕ್ಕೆ ಸಿಗೋದು ಭಾನುವಾರ ಒಂದೇ. ನೆನೆಹಾಕಿದ ಬಟ್ಟೆ ಹಾಗೇ ಬಿಟ್ಟು ಬಂದಿದ್ದೀರಿ ಅಂತ ಗೊತ್ತು. ಅದಕ್ಕೇ ಪೀಠಿಕೆ ಬೇಡ.

ನಾನು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂರಿಸುವ ಟೈಲರ್ ಆಗಿದ್ದವಳು. ಮಗಳಿಗೆ ಮೂರು ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ವಾಪಸ್ ಹೋದೆ. ಆಗ ಹೆರಿಗೆ ರಜೆ ಇದ್ದದ್ದೇ 12 ವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎದೆ ಕಲ್ಲಾಗುತ್ತಿತ್ತು. ಬ್ಲೌಸ್ ಒಳಗೆ ಮಡಿಸಿಟ್ಟ ಹಳೇ ಪಂಚೆ ಚೂರು ಪೂರಾ ನೆಂದು ಹೋಗೋದು. ಟಾಯ್ಲೆಟ್‌ನಲ್ಲಿ ಗೋಡೆಗೆ ಹಣೆ ಆನಿಸಿ ನಿಂತು, ಹಿಂಡಿ ಚೆಲ್ಲಿ ಬರುತ್ತಿದ್ದೆ. ‘ಇಷ್ಟು ಹೊತ್ತು ಒಳಗೆ ಏನಮ್ಮ ಮಾಡ್ತಿದ್ದೆ? ಪೀಸ್ ಯಾರು ಕೊಡ್ತಾರೆ?’ ಸೂಪರ್‌ವೈಸರ್ ಕೇಳುತ್ತಿದ್ದದ್ದು ಇಡೀ ಲೈನಿಗೆ ಕೇಳಿಸುತ್ತಿತ್ತು. ಆ ಹುಡುಗನಿಗೆ ನಾನು ಏನಂತ ಹೇಳಲಿ? ಕೆಲವೇ ವಾರಕ್ಕೆ ಹಾಲು ಬತ್ತಿತು. ಮಗಳನ್ನು ಊರಿಗೆ ಕರಕೊಂಡು ಹೋಗಿ ಅಮ್ಮನ ಹತ್ತಿರ ಬಿಟ್ಟು ಬಂದೆ.

30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಕೋಣೆ, ಅಂದರೆ ಕ್ರೆಶ್ ಇರಬೇಕು, ಹಾಲೂಡಿಸೋಕೆ ತಾಯಿಗೆ ಬಿಡುವು ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಆಗಲೇ ಹೇಳುತ್ತಿತ್ತು. ನಮ್ಮಲ್ಲೂ ಕ್ರೆಶ್ ಇತ್ತು, ಸುಳ್ಳು ಹೇಳಬಾರದು. ಬಾಗಿಲಿಗೆ ಬೋರ್ಡು, ಒಳಗೆ ಎರಡು ತೊಟ್ಟಿಲು, ಗೋಡೆ ಮೇಲೆ ಮೊಲದ ಚಿತ್ರ. ಆಡಿಟ್‌ನವರು ಬಂದ ದಿನ ಬೀಗ ತೆಗೆಯೋರು.

ಈಗ ಏನಿದೆ ಕೇಳಿ. 2017ರಲ್ಲಿ ರಜೆ 26 ವಾರ ಆಯಿತು. ಮೊದಲ ಎರಡು ಹೆರಿಗೆಗೆ ಅಷ್ಟು. ಎರಡು ಮಕ್ಕಳಿದ್ದ ಮೇಲೆ ಮತ್ತೆ ಹೆತ್ತರೆ 12 ವಾರ. ಆ 26 ವಾರದಲ್ಲಿ 8 ವಾರದವರೆಗೂ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಗರ್ಭಪಾತವಾದರೆ 6 ವಾರ. ಇದನ್ನು ನಮ್ಮಲ್ಲಿ ಕೇಳುವವರೇ ಇಲ್ಲ, ಮೂರನೇ ದಿನಕ್ಕೆ ಮೆಷಿನ್ ಮುಂದೆ ಬಂದು ಕೂತಿರುತ್ತೀರಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಹೊಸದು, ವಾರದ ಲೆಕ್ಕ ಹಳೇದೇ. ಮಗುವಿಗೆ 15 ತಿಂಗಳು ತುಂಬುವವರೆಗೆ ಊಟದ ಬಿಡುವಲ್ಲದೆ ಹಾಲೂಡಿಸೋಕೆ ದಿನಕ್ಕೆ ಇನ್ನೆರಡು ಬಿಡುವು. 50 ಜನ ಇರುವ ಕಡೆ ಕ್ರೆಶ್, ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಕ್ರೆಶ್ ಇಲ್ಲದ ಕಡೆ ಬಿಡುವು ಕೊಟ್ಟು ಏನು ಬಂತು? ಮಗು ಲಗ್ಗೆರೆಯ ಮನೆಯಲ್ಲಿ, ತಾಯಿ ಪೀಣ್ಯದ ಕಾರ್ಖಾನೆಯಲ್ಲಿ. ಅದಕ್ಕೇ ಎರಡನ್ನೂ ಒಟ್ಟಿಗೆ ಕೇಳಬೇಕು. ಹಳ್ಳಿಯಲ್ಲಿ ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಪಂಚಾಯಿತಿಯವರು ‘ಕೂಸಿನ ಮನೆ’ ಮಾಡಿದ್ದಾರೆ. ಹೆಸರೇ ಎಷ್ಟು ಚೆಂದ ನೋಡಿ.

ದುಡ್ಡಿನ ವಿಚಾರ. ಸಂಬಳ 21,000ದೊಳಗಿದ್ದು ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಕಟ್ಟುತ್ತಿದ್ದರೆ ರಜೆಯ ದುಡ್ಡು ಇಎಸ್‌ಐನಿಂದ ನಿಮ್ಮ ಖಾತೆಗೇ ಬರುತ್ತೆ. ಇಎಸ್‌ಐ ಇಲ್ಲದವರಿಗೆ, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮಾಲೀಕರೇ ಕೊಡಬೇಕು. ದಿನಗೂಲಿಯವರಿಗೂ ಇದು ಉಂಟು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ದೆಹಲಿ ನಗರಪಾಲಿಕೆಯಲ್ಲಿ ಮಸ್ಟರ್ ರೋಲ್, ಅಂದರೆ ದಿನಗೂಲಿ ಹಾಜರಿ ಪಟ್ಟಿ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ ಹೆಂಗಸರು ಗೆದ್ದ ಕೇಸು ಅದು.

ನಾನು ಇವತ್ತು ಬಂದದ್ದು ಮಾತ್ರ ಇನ್ನೊಂದು ಮಾತಿಗೆ. ಏಳನೇ ತಿಂಗಳಲ್ಲಿ ಎಚ್‌ಆರ್ ಮೇಡಂ ಕರೆದು ನಯವಾಗಿ ಹೇಳುತ್ತಾರೆ: ‘ರಾಜೀನಾಮೆ ಕೊಟ್ಟು ಹೋಗಿ ಆರಾಮವಾಗಿ ಬಾಣಂತನ ಮುಗಿಸ್ಕೊಂಡು ಬಾಮ್ಮ. ಬಂದ ಮೇಲೆ ಮತ್ತೆ ಸೇರಿಸ್ಕೊತೀವಿ.’ ಮಾತಿಗೆ ತಪ್ಪೋದಿಲ್ಲ, ಸೇರಿಸ್ಕೊತಾರೆ ಕೂಡ. ಆದರೆ ಹೊಸ ನಂಬರ್ ಮೇಲೆ, ಹಳೇ ಸರ್ವಿಸ್ ಲೆಕ್ಕಕ್ಕಿಲ್ಲ. ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಸಿಗುವ ಇಡುಗಂಟು, ಅಂದರೆ ಗ್ರಾಚ್ಯುಟಿ ಬೇಕಾದರೆ ಕಾಯಂ ಕೆಲಸದವರಿಗೆ 5 ವರ್ಷದ ಸರ್ವಿಸ್ ಆಗಬೇಕು. ಮೂರೂವರೆ ವರ್ಷ ದುಡಿದು ಒಂದು ಹೆರಿಗೆಗೆ ರಾಜೀನಾಮೆ, ಇನ್ನು ನಾಲ್ಕು ವರ್ಷ ದುಡಿದು ಇನ್ನೊಂದಕ್ಕೆ. ಏಳೂವರೆ ವರ್ಷ ಸವೆದರೂ ಕೈಗೆ ಸೊನ್ನೆ. ರಜೆ ಹಾಕಿಯೇ ಹೋಗಿದ್ದರೆ ಆ 26 ವಾರವೂ ಸರ್ವಿಸ್‌ಗೆ ಸೇರುತ್ತಿತ್ತು. ಗ್ರಾಚ್ಯುಟಿಗೆ ಹಿಡಿಯುವ ಸಂಬಳ ತಿಂಗಳಿಗೆ 13,000 ಅಂತ ಇಟ್ಟುಕೊಳ್ಳಿ; ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ವರ್ಷಕ್ಕೆ 7,500. ಏಳು ವರ್ಷಕ್ಕೇ 52,500. ಒಂದು ಸಹಿಗೆ ಹೋದ ದುಡ್ಡು ಅದು. ಹೆರಿಗೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ತೆಗೆಯೋದಿಲ್ಲ, ನಿಮ್ಮ ಕೈಯಲ್ಲೇ ಬರೆಸುತ್ತಾರೆ.

ಹಾಗೆ ಕರೆದರೆ, ‘ರಾಜೀನಾಮೆ ಅಲ್ಲ ಮೇಡಂ, ರಜೆ ಅರ್ಜಿ’ ಅನ್ನಿ. ಅರ್ಜಿ ಎರಡು ಪ್ರತಿ ಇರಲಿ, ಒಂದರ ಮೇಲೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಅಷ್ಟಕ್ಕೂ ಬಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು. ನಾವೂ ಜೊತೆಗೆ ಬರುತ್ತೇವೆ.

ಈಗ ಎಲ್ಲರೂ ಪೇ ಸ್ಲಿಪ್ ತೆಗೆಯಿರಿ. ಸೇರಿದ ತಾರೀಖು ಅಂತ ಇರುತ್ತೆ ನೋಡಿ. ನೀವು ನಿಜವಾಗಿ ಸೇರಿದ್ದು ಅದೇ ದಿನವಾ? ಅಲ್ಲ ಅನ್ನುವವರು ಆ ಕಿಟಕಿ ಪಕ್ಕದ ಟೇಬಲ್ ಹತ್ತಿರ ಬನ್ನಿ, ಬರೆದುಕೊಳ್ಳೋಣ.